ಎದುರಾಳಿಗಳ ಬಲಾಬಲ

ಎಡೋಗಾವಾ, ಟೋಕಿಯೊ
19 ಡಿಸೆಂಬರ್ 2024, ಗುರುವಾರ ಬೆಳಿಗ್ಗೆ

ಮುದ್ದು ಸ್ಫೂರ್ತಿಗೆ,

ಅಮ್ಮನ ನೂರು ನೆನಪುಗಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ, ಕೊಂಬಿನಿ ಅಂಗಡಿಯ ತಣ್ಣನೆ ಅನ್ನದುಂಡೆಯಲ್ಲೇ ದಿನ ದೂಡುತ್ತಿಲ್ಲ ಎಂದು ನಂಬಿಕೊಂಡು ಈ ಕಾಗದ ಶುರು ಮಾಡಿದ್ದೇನೆ. ನಂಬಿಕೆ ಅಷ್ಟೇನೂ ಗಟ್ಟಿಯಾಗಿಲ್ಲ, ಅದಕ್ಕೇ ಪಾರ್ಸೆಲ್ಲಿನಲ್ಲಿ ಚಟ್ನಿಪುಡಿ, ಕೋಡುಬಳೆ ಎರಡೂ ಇವೆ. ಒಂದು ಜೊತೆ ಕೈಗವಸೂ ಇದೆ. ಅದು ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ, ಧೈರ್ಯ ಬಂದರೆ.

ಐದು ದಿನದಿಂದ ಫೋನ್ ಎತ್ತುತ್ತಿಲ್ಲ. ಲೈನ್‌ನಲ್ಲಿ ನಾನು ಕಳಿಸಿದ ಮೆಸೇಜು ನೋಡಿದ್ದೀಯ ಅಂತ ತೋರಿಸುತ್ತದೆ, ಉತ್ತರ ಮಾತ್ರ ಇಲ್ಲ. ಇಂಗ್ಲಿಷಿನಲ್ಲಿ ಬರೆದರೆ ಒಂದೇ ಉಸಿರಿಗೆ ಓದಿ ಪಕ್ಕಕ್ಕಿಡುತ್ತೀಯ. ಕನ್ನಡವಾದರೆ ಅಕ್ಷರ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಬೇಕು. ಶನಿವಾರ ಶನಿವಾರ ನಿನ್ನನ್ನು ಕೂರಿಸಿಕೊಂಡು ಒತ್ತಕ್ಷರ ತಿದ್ದಿಸಿದ್ದಕ್ಕೆ ಇವತ್ತು ಉಪಯೋಗ ಬಂತು ನೋಡು. ನಿಧಾನವಾಗಿಯೇ ಓದು, ನನಗೇನೂ ಅವಸರವಿಲ್ಲ.

ನಿನ್ನ ಲಕೋಟೆ ಮಂಗಳವಾರ ಬಂತು. ಮೇಲೆ ಅರ್ಜಿ, ಕೆಳಗೆ ಆರು ಪುಟದ ರಿಪೋರ್ಟು, ಜೊತೆಗೆ ಹಳದಿ ಚೀಟಿಯಲ್ಲಿ ಒಂದೇ ಸಾಲು: "ಅಮ್ಮಾ, ಹ್ಯಾಂಕೋ ಹೊಡೆದು ಕಳ್ಸು, ಟ್ವೆಂಟಿ ಫಿಫ್ತ್ ಒಳಗೆ ಬೇಕು." ನಮ್ಮ ಮುದ್ರೆ ಯಾಕೆ ಬೇಕು ಅಂತ ಒಂದಕ್ಷರವಿಲ್ಲ. ಆ ಅರ್ಜಿಯ ಮೇಲಿನ ನಾಲ್ಕು ಕಾಂಜಿ ಅಕ್ಷರಕ್ಕೆ ಫೋನಿನ ಕ್ಯಾಮೆರಾ ಹಿಡಿದೆ. ಕ್ಲಬ್ ತೊರೆಯುವ ಅರ್ಜಿ ಎಂದು ಅನುವಾದ ಬಂತು. ನಿಮ್ಮ ಕ್ಲಬ್ಬಿಗೆ ಸೇರಲೂ ಹೆತ್ತವರ ಮುದ್ರೆ ಬೇಕಾಗಿತ್ತು, ಬಿಡಲೂ ಬೇಕು. ಸೇರುವಾಗ ನಾನು ಮುದ್ರೆ ಕೊಡದೆ ಹದಿನೈದು ದಿನ ಸತಾಯಿಸಿದ್ದು ನಿನಗೆ ನೆನಪಿರುತ್ತದೆ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಎರಡು ನಿಮಿಷ ನೋಡಿದರು. "ಅವ್ಳೇ ಬಿಡ್ತೀನಿ ಅಂತಿದ್ದಾಳಲ್ಲ, ಸ್ಟ್ಯಾಂಪ್ ಹೊಡೆದು ಕಳ್ಸು ವಿಜಿ. ಮೂರು ವರ್ಷದಿಂದ ನೀನೇ ತಾನೆ ಬಿಡ್ಸು ಬಿಡ್ಸು ಅಂತಿದ್ದಿದ್ದು" ಎಂದು ಹೇಳಿ ಆಫೀಸಿನ ಮೀಟಿಂಗಿಗೆ ಕೂತುಬಿಟ್ಟರು. ಅವರು ಹೇಳಿದ್ದು ನಿಜ. ಹುಡುಗರ ಅಮೆರಿಕನ್ ಫುಟ್ಬಾಲ್ ಆಟಕ್ಕೆ ಕ್ಯಾಮೆರಾ ಹೊರುವುದಕ್ಕೆ ಯೂನಿವರ್ಸಿಟಿಗೆ ಸೇರಿಸಬೇಕಿತ್ತಾ ಎಂದು ನಾನು ಕೇಳದ ದಿನವಿಲ್ಲ. ಭಾನುವಾರ ಮನೆಗೆ ಬರುವುದಿಲ್ಲ, ರಜೆಯಲ್ಲಿ ಕ್ಯಾಂಪು, ಹಬ್ಬಕ್ಕೆ ಮ್ಯಾಚು. ಕೆಲಸ ಹುಡುಕುವುದಕ್ಕೆ ಎಲ್ಲರೂ ಮೂರನೇ ವರ್ಷದಲ್ಲೇ ಕರಿ ಸೂಟು ಹಾಕಿಕೊಂಡು ಓಡಾಡುತ್ತಿದ್ದರೆ ನೀನು ಲ್ಯಾಪ್‌ಟಾಪಿನ ಮುಂದೆ ಕೂತು ಒಂದೇ ಆಟವನ್ನು ಹಿಂದೆ ಮುಂದೆ ಓಡಿಸುತ್ತಿದ್ದೆ. ಅದೆಲ್ಲ ಒಂದು ಮುದ್ರೆಯಲ್ಲಿ ಮುಗಿಯುವ ಹಾಗಿತ್ತು. ಡ್ರಾಯರಿನಿಂದ ಮುದ್ರೆ ತೆಗೆದು ಕೆಂಪು ಶಾಯಿಯ ಡಬ್ಬಿ ಬಿಚ್ಚಿದೆ. ಸುಳ್ಳು ಹೇಳುವುದಿಲ್ಲ ಮರಿ, ಖುಷಿಯಾಗಿತ್ತು.

ಒತ್ತುವ ಮುಂಚೆ ಕೆಳಗಿನ ರಿಪೋರ್ಟು ಏನಿರಬಹುದು ಎಂದು ಸುಮ್ಮನೆ ಒಂದು ಹಾಳೆ ಮಗುಚಿದೆ. ಅಲ್ಲೇ ಸಿಕ್ಕಿಹಾಕಿಕೊಂಡೆ.

ಜಪಾನಿ ನನಗೆ ಎಷ್ಟು ಬರುತ್ತದೆ ಅನ್ನುವುದು ನಿನಗೆ ಗೊತ್ತು. ಆದರೆ ಮೂರನೇ ಪುಟದಲ್ಲಿ ಒಂದು ಪಟ್ಟಿ ಇತ್ತಲ್ಲ, ಅಂಕಿಗೆ ಯಾವ ಭಾಷೆ? ನಾಲ್ಕು ತಂಡದ ಹೆಸರು, ಗೆದ್ದದ್ದು, ಸೋತದ್ದು, ಪಕ್ಕದಲ್ಲಿ ಒಂದು ದಶಾಂಶ. ನಿಮ್ಮ ತಂಡ ಐದಕ್ಕೆ ಐದೂ ಗೆದ್ದಿದೆ, ಬೇರೆ ಮೂವರೂ ಒಂದೊಂದು ಸೋತಿದ್ದಾರೆ. ಆದರೂ ನಿಮ್ಮ ತಂಡವನ್ನು ನೀನೇ ನಾಲ್ಕನೇ ಜಾಗಕ್ಕೆ ತಳ್ಳಿದ್ದೀಯ! ಮಗಳು ಎಲ್ಲೋ ಕೈತಪ್ಪಿ ತಿರುಗಾಮುರುಗಾ ಬರೆದಿದ್ದಾಳೆ ಅಂದುಕೊಂಡೆ. ಶಾಯಿ ಡಬ್ಬಿ ಮುಚ್ಚಿ, ಅಡುಗೆಮನೆಯ ದೀಪದ ಕೆಳಗೆ ಕೂತು ಒಂದೊಂದೇ ಸಾಲಿಗೆ ಕ್ಯಾಮೆರಾ ಹಿಡಿದು ಓದಿದೆ.

ಆಮೇಲೆ ತಿಳಿಯಿತು. ಯಾರು ಎಷ್ಟು ಗೆದ್ದರು ಅನ್ನುವುದು ನಿನ್ನ ಪ್ರಶ್ನೆಯಲ್ಲ, ಯಾರನ್ನು ಗೆದ್ದರು ಅನ್ನುವುದು. ಗಟ್ಟಿ ತಂಡಗಳ ಎದುರು ಆಡಿ ನಾಲ್ಕು ಗೆದ್ದವರು, ಸಪ್ಪೆ ತಂಡಗಳ ಎದುರು ಆಡಿ ಐದು ಗೆದ್ದವರಿಗಿಂತ ಮೇಲಲ್ಲವೇ ಎಂದು ಕೇಳಿದ್ದೀಯ. ಎಂಥ ಒಳ್ಳೆಯ ಪ್ರಶ್ನೆ! ಇದನ್ನೇ ಮಾಡುತ್ತಿದ್ದೆಯಾ ನೀನು ಮೂರು ವರ್ಷದಿಂದ? ಕ್ಯಾಮೆರಾ ಹೊರುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ ನಾನು! ಒಂದು ಸಲವಾದರೂ ಕೂರಿಸಿಕೊಂಡು ಹೇಳಬಾರದಿತ್ತೇ? ಹೇಳಿದ್ದರೂ ನಾನು ಕುಕ್ಕರಿನ ವಿಷಲ್ ಎಣಿಸುತ್ತಿದ್ದೆನೋ ಏನೋ.

ಕೆಳಗೆ ನಿನ್ನ ತೀರ್ಮಾನವನ್ನು ಮಾತ್ರ ಎರಡೆರಡು ಸಲ ಓದಿದೆ. "ನಮ್ಮ ಐದೂ ಗೆಲುವು ದುರ್ಬಲರ ಮೇಲಿನ ಗೆಲುವು, ಅದನ್ನು ನಂಬಿ ತಂಡ ಸಿದ್ಧವಾಗಿದೆ ಎಂದು ನಾಯಕನಿಗೆ ನಾನೇ ಹೇಳಿದೆ, ಶನಿವಾರದ ಸೋಲು ವಿಶ್ಲೇಷಕಿಯ ತಪ್ಪು." ಇಷ್ಟು ಬರೆದು ಅದಕ್ಕೆ ಅರ್ಜಿ ಲಗತ್ತಿಸಿದ್ದೀಯ. ಮೇಲಿನ ಲೀಗಿಗೆ ಹೋಗಲು ಇದ್ದ ಒಂದೇ ಒಂದು ಮ್ಯಾಚನ್ನು ಮೂರು ಪಾಯಿಂಟಿನಲ್ಲಿ ಕಳೆದುಕೊಂಡದ್ದು, ಅದೂ ಕೊನೆಯ ನಿಮಿಷದಲ್ಲಿ ಎದುರುಗಾಳಿಗೆ ಒದ್ದ ಚೆಂಡು ಕಂಬಕ್ಕೆ ತಗುಲಿ ಈಚೆ ಬಿದ್ದದ್ದು, ಎಲ್ಲಾ ನಿನ್ನೊಬ್ಬಳ ತಲೆಗೆ. ಗಾಳಿಯ ವಿಷಯ ನಿನ್ನ ರಿಪೋರ್ಟಿನಲ್ಲೇ ಎಲ್ಲೋ ಓದಿದೆ ಅಂತ ಕಾಣುತ್ತದೆ.

ಈಗ ನನ್ನ ಲೆಕ್ಕ ಕೇಳು. ನಿಮ್ಮಮ್ಮ ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಎರಡು ವರ್ಷ ಪಿಯು ಮಕ್ಕಳಿಗೆ ಪಾಠ ಹೇಳಿದವಳು ಅನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಮರೆತೇಹೋಗಿದೆ, ನನಗೂ ಸೇರಿದ ಹಾಗೆ. ನಿನ್ನೆ ಬೆಳಿಗ್ಗೆ ಅಪ್ಪ ಹೊರಟ ಮೇಲೆ ಟೇಬಲ್ ಒರೆಸಿ, ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಹಾಳೆ ಬೋರಲು ಹಾಕಿಕೊಂಡು ಕೂತೆ. ಗೆಲುವಿಗೆ ಹೆಸರುಕಾಳು, ಸೋಲಿಗೆ ಕಡಲೆಕಾಳು. ನಗಬೇಡ.

ನಿಮ್ಮ ಗುಂಪಿನಲ್ಲಿ ಆರು ತಂಡ. ಪ್ರತಿಯೊಬ್ಬರೂ ಉಳಿದ ಐದು ಜನರ ಜೊತೆ ಒಂದೊಂದು ಸಲ ಆಡುತ್ತಾರೆ. ನಿಮ್ಮ ಐದು ಎದುರಾಳಿಗಳ ಆಟಗಳನ್ನು ನೀನು ಕೂಡಿಸಿದ್ದೀಯ: ಒಟ್ಟು ಇಪ್ಪತ್ತೈದು, ಅದರಲ್ಲಿ ಗೆದ್ದದ್ದು ಹತ್ತು. ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.40. ನಿಮ್ಮದೇ ಗುಂಪಿನಲ್ಲಿ ಎರಡನೆಯವರ ಎದುರಾಳಿಗಳು ಗೆದ್ದದ್ದು ಹನ್ನೊಂದು, ಅವರಿಗೆ 0.44. ಇನ್ನೊಂದು ಗುಂಪಿನ ಇಬ್ಬರಿಗೂ ಹಾಗೆಯೇ 0.44. ಅಲ್ಲಿಗೆ ನಿಮ್ಮ ಎದುರಾಳಿಗಳೇ ಎಲ್ಲರಿಗಿಂತ ಸಪ್ಪೆ ಎಂದಾಯಿತು. ಲೆಕ್ಕದಲ್ಲಿ ತಪ್ಪಿಲ್ಲ, ನಾನೂ ಎರಡು ಸಲ ಕೂಡಿಸಿ ನೋಡಿದೆ.

ಆದರೆ ಕಾಳು ಜೋಡಿಸುವಾಗ ಒಂದು ಅನುಮಾನ ಬಂತು. ನಿಮ್ಮ ಎದುರಾಳಿಗಳ ಮುಂದೆ ಹದಿನೈದು ಕಡಲೆಕಾಳು ಇದ್ದವು. ಈ ಹದಿನೈದು ಸೋಲು ಅವರಿಗೆ ಕೊಟ್ಟವರು ಯಾರು ಎಂದು ಒಂದೊಂದನ್ನೇ ಎತ್ತಿ ನೋಡಿದರೆ, ಐದು ಕಾಳು ನಿಮ್ಮವೇ! ನೀವು ಅವರನ್ನು ಸೋಲಿಸಿದಿರಿ. ಸೋತದ್ದರಿಂದ ಅವರು ದುರ್ಬಲರಾದರು. ದುರ್ಬಲರಾದ್ದರಿಂದ ನಿಮ್ಮ ಗೆಲುವಿಗೆ ಬೆಲೆ ಇಲ್ಲ ಎಂದಾಯಿತು. ಇದೆಂಥ ನ್ಯಾಯ ಹೇಳು? ಗೆದ್ದ ತಪ್ಪಿಗೆ ನಿಮ್ಮನ್ನು ನೀವೇ ಕೆಳಗೆ ಹಾಕಿಕೊಂಡ ಹಾಗಾಯಿತು.

ಆ ಐದು ಆಟವನ್ನು ತೆಗೆದು ಪಕ್ಕಕ್ಕಿಟ್ಟೆ. ನಿಮ್ಮನ್ನು ಬಿಟ್ಟು ಅವರವರೇ ಆಡಿದ್ದು ಇಪ್ಪತ್ತು, ಗೆದ್ದದ್ದು ಹತ್ತು. ಸರಿಯಾಗಿ ಅರ್ಧ. ಎರಡನೇ ತಂಡಕ್ಕೂ ಹಾಗೇ ಮಾಡಿದೆ, ಅರ್ಧ. ಮೂರನೆಯದು, ನಾಲ್ಕನೆಯದು, ಅವೂ ಅರ್ಧ! ಕುರ್ಚಿಯಿಂದ ಎದ್ದು ಒಬ್ಬಳೇ ಚಪ್ಪಾಳೆ ಹೊಡೆದೆ. ಬೆಪ್ಪುತಕ್ಕಡಿ ನಾನು! ಆಮೇಲೆ ಹೊಳೆಯಿತು, ಅರ್ಧವಲ್ಲದೆ ಇನ್ನೇನು ಬಂದೀತು? ಐದು ಜನ ತಮ್ಮತಮ್ಮೊಳಗೇ ಆಡಿಕೊಂಡರೆ ಒಬ್ಬ ಗೆದ್ದಾಗಲೆಲ್ಲ ಇನ್ನೊಬ್ಬ ಸೋತೇ ಸೋಲುತ್ತಾನೆ. ಅಂದರೆ ಈ ಪಟ್ಟಿ ಎದುರಾಳಿಗಳ ಬಲವನ್ನು ಹೇಳುತ್ತಲೇ ಇರಲಿಲ್ಲ. ನಿಮ್ಮ ಗೆಲುವನ್ನೇ ತಲೆಕೆಳಗು ಮಾಡಿ ನಿಮಗೆ ತೋರಿಸುತ್ತಿತ್ತು.

ಇದು ಅಮೆರಿಕದ ಕಾಲೇಜು ತಂಡಗಳ ಲೆಕ್ಕದಿಂದ ತೆಗೆದುಕೊಂಡ ಸೂತ್ರ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀಯ. ಹಾಗಾದರೆ ನನ್ನದೊಂದು ಪ್ರಶ್ನೆ. ಅಲ್ಲಿ ನೂರಕ್ಕಿಂತ ಹೆಚ್ಚು ತಂಡಗಳಂತೆ, ಎಲ್ಲರೂ ಎಲ್ಲರಿಗೂ ಸಿಗುವುದಿಲ್ಲ, ಒಬ್ಬೊಬ್ಬರ ವೇಳಾಪಟ್ಟಿ ಒಂದೊಂದು ಥರ. ಅಂಥ ಕಡೆ ಇದು ನಡೆಯಬಹುದು. ಎಲ್ಲರೂ ಎಲ್ಲರ ಜೊತೆ ಆಡುವ ಆರೇ ತಂಡದ ಗುಂಪಿನಲ್ಲಿ ಇದಕ್ಕೇನು ಕೆಲಸ? ಅಲ್ಲೂ ತಮ್ಮ ಜೊತೆಗಿನ ಆಟ ಕಳೆದೇ ಲೆಕ್ಕ ಹಾಕುತ್ತಾರಾ? ನಾನು ಹೇಳಿದ್ದು ತಪ್ಪಿದ್ದರೆ ತಿದ್ದು. ಹದಿನಾರು ವರ್ಷವಾಯಿತು ಇಂಥದ್ದಕ್ಕೆ ಕೈ ಹಾಕಿ. ಅನ್ನ ಕುಕ್ಕರಿನಲ್ಲೇ ಆರಿಹೋಯಿತು, ನನಗೆ ಹಸಿವೆಯೇ ಗೊತ್ತಾಗಲಿಲ್ಲ.

ಇನ್ನೂ ಕುತೂಹಲ ತಣಿದಿಲ್ಲ. ಆ ಗುಂಪು ಈ ಗುಂಪು ಒಂದಕ್ಕೊಂದು ಸಿಗುವುದೇ ಇಲ್ಲವಲ್ಲ, ಹಾಗಿದ್ದಾಗ ಯಾವ ಗುಂಪು ಗಟ್ಟಿ ಎಂದು ಯಾರು ಹೇಳಬೇಕು? ಒಂದೇ ಎದುರಾಳಿಯ ಜೊತೆ ಎರಡು ವಾರ ವಿಶ್ರಾಂತಿ ತೆಗೆದುಕೊಂಡು ಆಡಿದವರೂ, ಆರೇ ದಿನಕ್ಕೆ ಆಡಿದವರೂ ಸಮವಾ? ನಿಮ್ಮ ಮೂರನೇ ಮ್ಯಾಚಿನಲ್ಲಿ ಹದಿನೇಳನೇ ನಂಬರಿನ ಹುಡುಗ ಕುಂಟುತ್ತಿದ್ದ, ಮಳೆಗೆ ಚೆಂಡು ಎಲ್ಲರ ಕೈಯಿಂದ ಜಾರುತ್ತಿತ್ತು. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಈ ಗುಂಪುಗಳ ವಿಷಯ ಯೋಚಿಸುತ್ತಾ ಯೋಚಿಸುತ್ತಾ ನಾನು ನಿನಗೆ ಮಾಡಿದ್ದು ನೆನಪಾಯಿತು. ರತ್ನಾ ಆಂಟಿಯ ಮಗಳು ನಿಶಾ ಇಲ್ಲೇ ಇಂಡಿಯನ್ ಸ್ಕೂಲಿಗೆ ಹೋದಳು. ಪಾಠ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಕೂರುವವಳು ಪಕ್ಕದ ಬಿಲ್ಡಿಂಗಿನವಳೇ. ನಿನ್ನನ್ನು ಎಂಟನೇ ವಯಸ್ಸಿಗೆ ಜಪಾನಿ ಶಾಲೆಗೆ ಹಾಕಿದೆವು. ಮೊದಲ ವರ್ಷ ತರಗತಿಯಲ್ಲಿ ಏನು ನಡೆಯುತ್ತಿದೆ ಅನ್ನುವುದೇ ತಿಳಿಯದೆ ಇಡೀ ದಿನ ಕೂತು ಬರುತ್ತಿದ್ದೆ. ಮನೆಗೆ ಬಂದರೆ ನಾನು ನಿಶಾಳ ತೊಂಬತ್ತೈದನ್ನು ನಿನ್ನ ಅರವತ್ತೆರಡರ ಪಕ್ಕದಲ್ಲಿಟ್ಟು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ. ಎರಡು ಗುಂಪು ಯಾವತ್ತೂ ಎದುರುಬದುರು ಆಡಿರಲಿಲ್ಲ, ಸ್ಫೂರ್ತಿ. ನೀನು ಯಾರ ಎದುರು ಆಡಿ ಬಂದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ನಿನ್ನ ಎದುರಾಳಿಗಳ ಪಟ್ಟಿಯಲ್ಲಿ ನಾನೂ ಒಬ್ಬಳಾಗಿದ್ದೆ. ತಪ್ಪಾಯಿತು, ಕಂದಾ. ಇದನ್ನು ಬರೆಯುವಾಗ ಅಳು ಬಂತು, ಅದಕ್ಕೇ ಈ ಜಾಗದಲ್ಲಿ ಇಂಕು ಹರಡಿದೆ.

ನಿನ್ನ ಮೊದಲ ವರ್ಷದ ಮೊದಲ ಮ್ಯಾಚಿನ ವಿಷಯವೂ ಮನಸ್ಸಿನಲ್ಲಿದೆ. ನಾನು ಇಡೀ ತಂಡಕ್ಕೆ ಚಿತ್ರಾನ್ನ ಕಟ್ಟಿಕೊಂಡು ಬಂದದ್ದು, ನೀನು ಸ್ಟ್ಯಾಂಡಿನ ತುದಿಯಲ್ಲಿ ಕ್ಯಾಮೆರಾದ ಮುಕ್ಕಾಲಿ ಹಿಡಿದು ನಿಂತದ್ದು ನೋಡಿ ಎಲ್ಲರ ಎದುರಿಗೆ ರೇಗಾಡಿದ್ದು, ನೀನು ಒಬ್ಬೊಬ್ಬರ ಮುಂದೆ ಬಗ್ಗಿ ಬಗ್ಗಿ ಸುಮಿಮಾಸೆನ್ ಎಂದು ಕ್ಷಮೆ ಕೇಳಿದ್ದು. ರೈಲಿನಲ್ಲಿ ವಾಪಸು ಬರುವಾಗ "ಇನ್ಮೇಲೆ ಮ್ಯಾಚಿಗೆ ಬರ್ಬೇಡ ಅಮ್ಮಾ, ಪ್ಲೀಸ್" ಎಂದಿದ್ದೆ. ಸರಿ ಎಂದಿದ್ದೆ ನಾನು.

ಹ್ಞಾಂ, ಸೋತದ್ದು ಸೋತದ್ದೇ. ನನ್ನ ಕಾಳಿನಿಂದ ಆ ಮೂರು ಪಾಯಿಂಟು ವಾಪಸು ಬರುವುದಿಲ್ಲ. ನಿಮ್ಮ ನಾಯಕ ಮೊರಿತಾ ಸಾನ್‌ಗೆ, ಆ ನಾಲ್ಕನೇ ವರ್ಷದವರಿಗೆ ಇನ್ನೊಂದು ಅವಕಾಶ ಇಲ್ಲ, ಅದು ನಿನ್ನನ್ನು ಎಷ್ಟು ಕೊರೆಯುತ್ತಿದೆ ಎಂದು ತಿಳಿಯುತ್ತದೆ. ಬೇಸರದಿಂದ ಬಿಡುತ್ತೇನೆ ಎಂದಿದ್ದರೆ, ಸಾಕಾಯಿತು ಎಂದಿದ್ದರೆ, ಆ ಕ್ಷಣವೇ ಮುದ್ರೆ ಒತ್ತಿ ಪಾಯಸ ಮಾಡುತ್ತಿದ್ದೆ. ತಪ್ಪು ಲೆಕ್ಕ ಹಿಡಿದುಕೊಂಡು ತಪ್ಪಿತಸ್ಥೆ ಎಂದು ಬರೆದುಕೊಟ್ಟು ಹೊರಗೆ ಬರುವುದಾದರೆ ನಾನು ಒಪ್ಪುವುದಿಲ್ಲ. ಮುಂದಿನ ವರ್ಷ ಇಡೀ ವಿಶ್ಲೇಷಣೆಯ ಗುಂಪಿಗೆ ನೀನೇ ಮುಖ್ಯಸ್ಥೆ ಎಂದು ಅಕ್ಟೋಬರಿನಲ್ಲಿ ಎಷ್ಟು ಖುಷಿಯಿಂದ ಹೇಳಿದ್ದೆ! ನಾನು ಕೆಲಸದ ಇಂಟರ್‌ವ್ಯೂ ಯಾವಾಗ ಎಂದು ಕೇಳಿ ಅದನ್ನು ಹಾಳುಮಾಡಿದೆ.

ನೀನು ಚಿಕ್ಕವಳಿದ್ದಾಗ ವಾರ್ಡ್ ಆಫೀಸಿನಲ್ಲಿ ನಿನ್ನ ಹುಟ್ಟಿದ ತಾರೀಕು ತಪ್ಪು ಬರೆದು ಗಾಬರಿಯಾಗಿ ಗೀಚಿಹಾಕಿದ್ದೆ. ಕೌಂಟರಿನ ಹೆಂಗಸು ನಗುತ್ತಾ ಹೇಳಿಕೊಟ್ಟಿದ್ದಳು: ಗೀಚಬಾರದು, ಬಿಳಿ ಬಣ್ಣವನ್ನೂ ಬಳಿಯಬಾರದು. ತಪ್ಪಿನ ಮೇಲೆ ಎರಡು ನೇರ ಗೆರೆ ಎಳೆದು, ಗೆರೆಯ ಮೇಲೆ ಮುದ್ರೆ ಒತ್ತಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಹಳೆಯ ತಪ್ಪು ಕಾಣುತ್ತಿರಬೇಕು, ತಿದ್ದಿದವರು ಯಾರು ಅನ್ನುವುದೂ ಕಾಣಬೇಕು.

ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಬಂದು ಕೂತು ಅದನ್ನೇ ಮಾಡಿದ್ದೇನೆ. ನಿನ್ನ ಪಟ್ಟಿಯ 0.40ರ ಮೇಲೆ ಎರಡು ಗೆರೆ, ಮುದ್ರೆ, ಪಕ್ಕದಲ್ಲಿ 0.50. ಮೂರು 0.44ರ ಮೇಲೂ ಹಾಗೆಯೇ. ಐದನೇ ಮುದ್ರೆ ಕೆಳಗಿನ ವಾಕ್ಯದ ಮೇಲೆ, "ವಿಶ್ಲೇಷಕಿಯ ತಪ್ಪು" ಅನ್ನುವ ಜಾಗದಲ್ಲಿ. ಅಲ್ಲಿ ಪಕ್ಕದಲ್ಲಿ ಏನೂ ಬರೆದಿಲ್ಲ, ನೀನೇ ಬರೆಯಬೇಕು. ಬೇರೆಯವರ ಕಾಗದವನ್ನು ನನ್ನ ಮುದ್ರೆಯಿಂದ ತಿದ್ದುವ ಅಧಿಕಾರ ನನಗಿಲ್ಲ, ಗೊತ್ತು. ಯಾರಾದರೂ ಕೇಳಿದರೆ ನಮ್ಮಮ್ಮನಿಗೆ ನಿಯಮ ಗೊತ್ತಿಲ್ಲ ಎಂದು ಹೇಳು.

ಅರ್ಜಿಯನ್ನೂ ಇದೇ ಲಕೋಟೆಯಲ್ಲಿ ವಾಪಸು ಕಳಿಸಿದ್ದೇನೆ. ಮುದ್ರೆಯ ಜಾಗ ಖಾಲಿಯಿದೆ. ಇಪ್ಪತ್ತೆರಡು ಭಾನುವಾರ ಮನೆಗೆ ಬಾ. ಕಾಳು, ಹಾಳೆ ಎಲ್ಲಾ ಟೇಬಲ್ಲಿನ ಮೇಲೆ ಹಾಗೇ ಬಿಟ್ಟಿರುತ್ತೇನೆ, ಅಪ್ಪನಿಗೂ ಮುಟ್ಟಬೇಡಿ ಎಂದು ಹೇಳಿದ್ದೇನೆ. ನನ್ನ ಲೆಕ್ಕ ಸರಿಯೋ ತಪ್ಪೋ ಎದುರಿಗೆ ಕೂತು ನೋಡು. ನೋಡಿದ ಮೇಲೂ ಬಿಡಬೇಕು ಅನ್ನಿಸಿದರೆ ನಾನೇ ಒತ್ತಿಕೊಡುತ್ತೇನೆ, ಒಂದು ಮಾತು ಆಡುವುದಿಲ್ಲ. ಇಪ್ಪತ್ತೈದಕ್ಕೆ ಇನ್ನೂ ಮೂರು ದಿನ ಇರುತ್ತದೆ.

ಬಿಸಿಬೇಳೆಬಾತ್ ಮಾಡಿರುತ್ತೇನೆ. ನಿಶಾಳ ಹೆಸರು ಎತ್ತುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
(ವಿಜಯಾ)

ತಾ.ಕ.: ಧೈರ್ಯ ಬಂತು, ಹೇಳುತ್ತೇನೆ. ಈ ಸೀಸನ್ನಿನಲ್ಲಿ ನಿಮ್ಮ ಐದೂ ಮ್ಯಾಚಿಗೆ ಬಂದಿದ್ದೆ, ಶನಿವಾರವೂ ಬಂದಿದ್ದೆ. ಬರಬೇಡ ಎಂದಿದ್ದೆಯಲ್ಲ, ನಿಮ್ಮ ಕಡೆ ಕೂರಬೇಡ ಎಂದು ಅರ್ಥ ಮಾಡಿಕೊಂಡು ಆರೂ ಸಲ ಎದುರು ತಂಡದವರ ಸ್ಟ್ಯಾಂಡಿನಲ್ಲಿ ಕೂತೆ. ನೀನು ನೂರು ಸಲ ಹಿಂದೆ ಮುಂದೆ ಓಡಿಸುವ ಆ ವಿಡಿಯೋಗಳಲ್ಲಿ ಎದುರು ಸ್ಟ್ಯಾಂಡಿನ ಮೇಲಿನ ಮೂಲೆ ನೋಡು, ನನ್ನ ನೇರಳೆ ಶಾಲು ಸಿಗುತ್ತದೆ. ಶನಿವಾರ ಆಟ ಮುಗಿದ ಮೇಲೆ ನೀನು ಆ ಚಳಿಯಲ್ಲಿ ಬರಿಗೈಯಲ್ಲಿ ಕ್ಯಾಮೆರಾ ಬಿಚ್ಚುತ್ತಿದ್ದದ್ದು ನೋಡಿದೆ. ಕೈಗವಸು ನನ್ನ ಚೀಲದಲ್ಲೇ ಇತ್ತು, ಮೈದಾನ ದಾಟಿ ಬರಲು ಕಾಲು ಬರಲಿಲ್ಲ. ಎದುರಾಳಿಗಳು ದುರ್ಬಲರು ಎಂದು ಮಾತ್ರ ಇನ್ನೊಂದು ಸಲ ಬರೆಯಬೇಡ. ನಾನು ಅವರ ತಾಯಂದಿರ ಪಕ್ಕದಲ್ಲಿ ಕೂತಿದ್ದೆ, ಆ ಮಕ್ಕಳು ಎಷ್ಟು ಗಟ್ಟಿ ಎಂದು ನನಗೆ ಗೊತ್ತು. ಮುಂದಿನ ಸೀಸನ್ನಿನಲ್ಲಿ ಯಾವ ಕಡೆ ಕೂರಲಿ, ಭಾನುವಾರ ಬಂದಾಗ ಹೇಳು.